ಅವಧಿಯೊಳಗೆ ತಕರಾರು ಬಾರದಿದ್ದಲ್ಲಿ

ಹಾಸನ
೧೪-೨-೧೯೬೧

ಅಪ್ಪಾಜಿಯವರಿಗೆ,

ಮೂರಡಿ ಎಂದಿದ್ದಿರೋ ಎರಡೂವರೆ ಎಂದಿದ್ದಿರೋ, ಅದು ಮಾತ್ರ ಸರಿಯಾಗಿ ನೆನಪಿಗೆ ಬರುತ್ತಿಲ್ಲ. ಊಟಕ್ಕೆ ಕೂತಿದ್ದಿರಿ. ಪೇಟೆ ಬೀದಿಯಲ್ಲಿ ಯಾರೋ ಜವಳಿ ಅಂಗಡಿಯವರು ಬೋರ್ಡನ್ನು ರಸ್ತೆಯ ಮೇಲಕ್ಕೆ ಚಾಚಿಸಿದ್ದಾರೆಂದು ಅವ್ವನಿಗೆ ಹೇಳುತ್ತಾ, "ಗೋಡೆ ಅವರದು, ಗೋಡೆಯಿಂದ ಈಚೆಗಿರುವ ಗಾಳಿ ಊರಿನದು. ಅದರಲ್ಲಿ ಇಷ್ಟಡಿ ಮಾತ್ರ ಬಿಟ್ಟುಕೊಡಬಹುದು" ಎಂದಿರಿ. ಗಾಳಿಯ ಮಾತು ಉಳಿದಿದೆ, ಅಳತೆ ಮರೆತಿದೆ. ನಿಮ್ಮ ಕೆಲಸದ ಮಾತನ್ನು ಮನೆಯಲ್ಲಿ ಯಾರೂ ಕಿವಿಗೊಟ್ಟು ಕೇಳುತ್ತಿರಲಿಲ್ಲ.

ನಾಲ್ಕು ವರ್ಷದ ಮೇಲೆ ಬರೆಯುವ ಕಾಗದ ಹೀಗೆ ಶುರುವಾಗಬಾರದೇನೋ. ಬೇರೆ ರೀತಿ ಶುರು ಮಾಡಿ ನೋಡಿದೆ. ಎರಡನೆಯ ಸಾಲಿಗೇ ನಿಂತುಹೋಯಿತು. ಪುರಸಭೆಯಲ್ಲಿ ಕೂತು ಇಪ್ಪತ್ತಾರು ವರ್ಷ ಬೋರ್ಡುಗಳ ಲೈಸೆನ್ಸ್ ನೋಡಿಕೊಂಡವರು ನನಗೆ ಗೊತ್ತಿರುವುದು ನೀವೊಬ್ಬರೇ. ಆದ್ದರಿಂದ ಕೇಳುತ್ತಿದ್ದೇನೆ.

ಬಸ್ ಸ್ಟ್ಯಾಂಡಿನಿಂದ ಸಂತೆಪೇಟೆಗೆ ಹೋಗುವ ದಾರಿಯಲ್ಲಿ ಮಹಡಿಯ ಮೇಲೆ ಒಂದು ಕೋಣೆ ಹಿಡಿದಿದ್ದೇನೆ. ಹೆಣ್ಣುಮಕ್ಕಳಿಗೆ ಟೈಪ್‌ರೈಟಿಂಗ್ ಕಲಿಸುವ ಶಾಲೆ. ಸದ್ಯಕ್ಕೆ ಎರಡು ಮಿಷನ್ನು. ಕೆಳಗೆ ಷಡಕ್ಷರಿ ಎಂಬವರ ಕಾಫಿಪುಡಿ ಅಂಗಡಿ. ಮೇಲಕ್ಕೆ ಬರುವ ಮೆಟ್ಟಿಲು ಅಂಗಡಿಯ ಪಕ್ಕದ ಸಂದಿಯಲ್ಲಿದೆ. ಗೊತ್ತಿಲ್ಲದವರಿಗೆ ಅಲ್ಲಿ ಮೆಟ್ಟಿಲಿದೆಯೆಂದೇ ತಿಳಿಯುವುದಿಲ್ಲ. ಬೀದಿಗೆ ಚಾಚಿದ ಒಂದು ಬೋರ್ಡು ಬೇಕೇ ಬೇಕು. ಜುಲೈ ಒಂದಕ್ಕೆ ಶಾಲೆ ಶುರು. ಅಷ್ಟರೊಳಗೆ ಬೋರ್ಡು ಏರದಿದ್ದರೆ ಹುಡುಗಿಯರು ಬರುವುದಿಲ್ಲ. ಅವರು ಬರದಿದ್ದರೆ ಕೋಣೆ ಬಿಡಬೇಕಾಗುತ್ತದೆ.

ಬೋರ್ಡು ಬರೆಯುವವರು ಮನೆಯಲ್ಲೇ ಇದ್ದಾರೆ. ನಿಮ್ಮ ಆಫೀಸಿನ ಬೋರ್ಡು ಬರೆಯಲು ಮೊಸಳೆ ಊರಿನಿಂದ ಅವರನ್ನು ಕರೆಸಿದ್ದವರು ನೀವು. ಆ ವಾರವೆಲ್ಲ ನಿಮ್ಮ ಮಧ್ಯಾಹ್ನದ ಬುತ್ತಿಯನ್ನು ನನ್ನ ಕೈಲಿ ಕಳಿಸಿದವಳು ಅವ್ವ. ಅದನ್ನು ಈಗ ಬರೆಯುವುದಿಲ್ಲ.

ಇನ್ನೊಂದು. ಅರ್ಜಿಯ ನಮೂನೆಯಲ್ಲಿ "ತಂದೆ / ಗಂಡನ ಹೆಸರು" ಎಂದಿದೆ. ಅಲ್ಲಿ ಏನು ಬರೆಯಬೇಕು?

ಇತಿ,
ದಾಕ್ಷಾಯಣಿ


ಹೊಳೆನರಸೀಪುರ
೨೭-೨-೧೯೬೧

ದಾಕ್ಷಾಯಣಿಗೆ,

ಮೂರಡಿ. ಹಾಸನದಲ್ಲೂ ಅಷ್ಟೇ ಇರಬೇಕು, ವಿಚಾರಿಸು. ಬೋರ್ಡಿನ ಕೆಳಗಿನ ಅಂಚು ರಸ್ತೆಯಿಂದ ಹನ್ನೆರಡು ಅಡಿ ಮೇಲಿರಬೇಕು. ಎಂಟೇ ಸಾಕಲ್ಲವೆ ಎಂದು ಎಲ್ಲರೂ ಕೇಳುತ್ತಾರೆ. ಹಿಂದೆ ಎಂಟೇ ಇತ್ತು. ಒಂದು ಸುಗ್ಗಿಯಲ್ಲಿ ಹಳ್ಳಿಮೈಸೂರಿನ ಹುಲ್ಲುಗಾಡಿಯೊಂದು ಪೇಟೆ ಬೀದಿಯಲ್ಲಿ ಹಾದು ಹೋಟೆಲಿನ ಬೋರ್ಡನ್ನು ಹುಲ್ಲಿನೊಳಗೇ ಸಿಕ್ಕಿಸಿಕೊಂಡು ಹೊರಟುಹೋಯಿತು. ಗಾಡಿಯವನಿಗೆ ಊರು ಮುಟ್ಟಿ ಹುಲ್ಲು ಇಳಿಸುವವರೆಗೂ ಗೊತ್ತಾಗಲಿಲ್ಲ. ಅಂದಿನಿಂದ ಹನ್ನೆರಡು. ನಿಯಮಗಳು ಹೀಗೆ ಹುಟ್ಟುತ್ತವೆ.

ಅರ್ಜಿ ಕೊಟ್ಟ ಮೇಲೆ ಆಫೀಸಿನಲ್ಲೂ ಬೋರ್ಡು ಹಾಕುವ ಜಾಗದಲ್ಲೂ ಹದಿನೈದು ದಿನ ನೋಟೀಸು ಅಂಟಿಸುತ್ತಾರೆ. ಯಾರು ಬೇಕಾದರೂ ತಕರಾರು ಹಾಕಬಹುದು. ಅವಧಿಯೊಳಗೆ ತಕರಾರು ಬಾರದಿದ್ದಲ್ಲಿ ಸಮ್ಮತಿಯಿದೆಯೆಂದು ಭಾವಿಸತಕ್ಕದ್ದು. ನೋಟೀಸು ಬಿದ್ದ ಮೇಲೆ ಅರ್ಜಿದಾರರು ತಾವಾಗಿ ಏನನ್ನೂ ತಿದ್ದುವಂತಿಲ್ಲ. ತಿದ್ದಬೇಕಾದರೆ ಮತ್ತೆ ಮೊದಲಿನಿಂದ ಅರ್ಜಿ. ಜಾಗ, ಅಳತೆ ಎಲ್ಲ ಮೊದಲೇ ಯೋಚಿಸಿ ಬರೆ.

ತಂದೆ / ಗಂಡನ ಹೆಸರು ಎಂಬಲ್ಲಿ ಬೇಡವಾದದ್ದನ್ನು ಹೊಡೆದುಹಾಕತಕ್ಕದ್ದು.

ಪಂಚಾಕ್ಷರಯ್ಯ

(ಅಂಚಿನಲ್ಲಿ) ನಿಮ್ಮವ್ವ ಎದುರಿಗೆ ಕೂತಿದ್ದಾಳೆ. ಬರೆದದ್ದನ್ನು ಓದಿ ಹೇಳಿದೆ. "ಅಲ್ಲ ಕಣ್ರೀ, ನಾಕು ವರ್ಸ ಆದ್ಮೇಲೆ ಮಗಳು ಕಾಗ್ದ ಬರ್ದವಳೆ, ನೀವು ಹುಲ್ಲುಗಾಡಿ ಕತೆ ಯೋಳ್ತಾ ಕೂತಿದೀರಲ್ಲ" ಎನ್ನುತ್ತಾಳೆ. ಇದನ್ನೂ ಬರೆಯಬೇಕಂತೆ. ಬರೆದಿದ್ದೇನೆ. ಕಾರ್ಡಿನಲ್ಲಿ ಜಾಗ ಮುಗಿಯಿತು.


ಹಾಸನ
೨೦-೩-೧೯೬೧

ಅಪ್ಪಾಜಿಯವರಿಗೆ,

ಕಾರ್ಡು ಬಂತು. ಹುಲ್ಲುಗಾಡಿಯ ಕತೆಯನ್ನು ಇವರಿಗೆ ಓದಿ ಹೇಳಿದೆ. "ಆ ಬೋರ್ಡ್ ಬರ್ದೋನು ಯಾರೋ, ಅವ್ನ ಕೈಬರ ಅಳ್ಳಿಮೈಸೂರ್ಗಂಟ ಓಯ್ತಲ್ಲ, ಪುಣ್ಯಾತ್ಮ" ಎಂದು ತುಂಬ ಹೊತ್ತು ನಕ್ಕರು.

ಜಾಗವನ್ನು ನೋಡಿದೆವು. ಮುಂಭಾಗದಲ್ಲಿ ಎರಡು ಕಂಬ. ಬಸ್ ಸ್ಟ್ಯಾಂಡಿನ ಕಡೆಯ ಕಂಬ ಸರಿಯೆಂದು ಕಂಡಿತು. ಅದರ ಮುಂದೆ ಒಂದು ಹೊಂಗೆಮರವಿದೆ, ಆದರೆ ಕೊಂಬೆಗಳ ನಡುವೆ ಕಂಬ ಸ್ಪಷ್ಟವಾಗಿ ಕಾಣುತ್ತದೆ. ಟೇಪು ಹಿಡಿದು ಅಳೆಯುವಾಗ ಬೀದಿಯಲ್ಲಿ ಜನ ನಿಂತುಬಿಟ್ಟರು. ನಿಮ್ಮ ಕೊಡೆ ನೆನಪಾಯಿತು. ಟೇಪು ತೆಗೆದರೆ ಅಂಗಡಿಯವರಿಗೆ ಅವಮಾನವೆಂದು ಕೊಡೆಯ ಕೋಲಿನ ಮೇಲೆ ಅಡಿಗೊಂದು ಕಚ್ಚು ಹಾಕಿಕೊಂಡಿದ್ದಿರಲ್ಲ. ಮಾತನಾಡುತ್ತ ನಿಂತವರ ಹಾಗೆ ಗೋಡೆಗೆ ಕೊಡೆ ಆನಿಸುತ್ತಿದ್ದಿರಿ. ಎಷ್ಟೋ ಜನಕ್ಕೆ ತಮ್ಮ ಬೋರ್ಡನ್ನು ಅಳೆದರೆಂದೇ ಗೊತ್ತಾಗುತ್ತಿರಲಿಲ್ಲ.

ಮೂರಡಿ ಕೇಳುವುದು ಹೆಚ್ಚಾಯಿತೇನೋ ಎನಿಸಿ ಎರಡಡಿ ಎಂದು ಬರೆದಿದ್ದೇನೆ. ಹೊಸಬರು, ಅದೂ ಹೆಂಗಸು. ಯಾರ ಕಣ್ಣಿಗೂ ಚುಚ್ಚುವುದು ಬೇಡ.

ಅರ್ಜಿ ಇನ್ನೂ ಮನೆಯಲ್ಲೇ ಇದೆ. ಹೊಡೆದುಹಾಕುವ ಕಡೆ ನಿಂತಿದೆ. ಮೂರು ಸಲ ಪೆನ್ನು ಹಿಡಿದು ಕೂತೆ. ಕೊನೆಗೆ ಇವರೇ, "ನಂದೇ ಒಡ್ದಾಕು ಕಣಮ್ಮಿ. ಬೋರ್ಡ್ ಬರಿಯೋನ ಎಸ್ರು ಯಾವತ್ತೂ ಮೂಲೇಲಿ, ಸಾಸ್ವೆ ಕಾಳಷ್ಟು. ನಂಗೆ ಅಭ್ಯಾಸ ಐತೆ" ಎಂದರು. ತಮಾಷೆಗೇ ಹೇಳಿದ್ದು. ಮೊಸಳೆಯಲ್ಲಿ ಊರಾಚೆಯ ಕೇರಿಯಲ್ಲಿ ಬೆಳೆದವರು, ಇಂಥದ್ದನ್ನು ತಮಾಷೆಯಾಗಿಯೇ ಹೇಳುತ್ತಾರೆ. ನನ್ನ ಕೈ ಮಾತ್ರ ಮುಂದಕ್ಕೆ ಹೋಗಲಿಲ್ಲ.

ಅವ್ವನ ಮಂಡಿನೋವು ಹೇಗಿದೆ?

ಇತಿ,
ದಾಕ್ಷಾಯಣಿ


ಹೊಳೆನರಸೀಪುರ
೨-೪-೧೯೬೧

ಚಿ. ದಾಕ್ಷಾಯಣಿಗೆ,

ಕಾರ್ಡನ್ನು ಅಂಚೆಯವನು ಓದಿಕೊಂಡೇ ಕೊಡುವುದರಿಂದ ಈ ಸಲ ಇನ್‌ಲ್ಯಾಂಡಿನಲ್ಲಿ ಬರೆಯುತ್ತಿದ್ದೇನೆ.

ನೀನು ಬರೆದ ತೊಡಕಿನ ಬಗ್ಗೆ ನಿಯಮಗಳನ್ನು ಮೊದಲಿನಿಂದ ಕೊನೆಯವರೆಗೆ ಓದಿದೆ. ಭಾನುವಾರ, ಆಫೀಸಿನಲ್ಲಿ ಯಾರೂ ಇರಲಿಲ್ಲ. ಬೇಡವಾದದ್ದನ್ನು ಹೊಡೆದುಹಾಕಿ ಎಂದು ನಮೂನೆಯಲ್ಲಿದೆ, ನಿಜ. ಆದರೆ ಒಂದು ಬೇಡವಾಗಿಯೇ ಇರಬೇಕು ಎಂದು ಎಲ್ಲೂ ಇಲ್ಲ. ಎರಡನ್ನೂ ಉಳಿಸಿ ಎರಡೂ ಹೆಸರು ಬರೆದರೆ ಆ ಕಾರಣಕ್ಕೆ ಅರ್ಜಿಯನ್ನು ತಳ್ಳಿಹಾಕಲು ಯಾವ ನಿಯಮದಲ್ಲೂ ಅವಕಾಶವಿಲ್ಲ. ಇಷ್ಟು ವರ್ಷ ನನ್ನ ಮೇಜಿಗೆ ಬಂದ ಹೆಂಗಸರ ಅರ್ಜಿಗಳಲ್ಲಿ ಒಂದು ಹೆಸರಿನ ಮೇಲೆ ಗೆರೆ ಇದ್ದೇ ಇರುತ್ತಿತ್ತು. ಕೆಲವರು ಎರಡೆರಡು ಗೆರೆ ಎಳೆಯುತ್ತಿದ್ದರು. ಆ ಗೆರೆ ಎಳೆಯಲು ಅವರಿಗೆ ಎಷ್ಟು ಹೊತ್ತು ಹಿಡಿಯಿತೆಂದು ನಾನು ಯಾವತ್ತೂ ಯೋಚಿಸಿರಲಿಲ್ಲ.

ನಿಮ್ಮವ್ವನ ಮಂಡಿನೋವು ಹಾಗೇ ಇದೆ. ಅವಳು ಹೇಳಿದ್ದು: "ಹಾಸನದಲ್ಲಿ ಒಳ್ಳೆ ಎಣ್ಣೆ ಸಿಕ್ಕುತ್ತಂತೆ ಅಂತ ಬರೀರಿ. ತರೋಕೆ ಯಾರಾದ್ರೂ ಓಗ್ಬೇಕಾಯ್ತದೆ ಅಂತಾನೂ ಬರೀರಿ."

ಪಂಚಾಕ್ಷರಯ್ಯ


ಹಾಸನ
೧೨-೫-೧೯೬೧

ಅಪ್ಪಾಜಿಯವರಿಗೆ,

ಇವತ್ತು ಆಫೀಸಿಗೆ ಹೋಗಿದ್ದೆ. ನೋಟೀಸಿನ ಹದಿನೈದು ದಿನ ನಿನ್ನೆಗೆ ಮುಗಿದಿತ್ತು. ಅನುಮತಿ ಕೈಗೆ ಸಿಗುತ್ತದೆಂದು ಹೋದೆ. "ನಿಮ್ಮ ಅರ್ಜಿಗೆ ತಕರಾರು ಬಂದಿದೆಯಲ್ಲಮ್ಮ" ಎಂದರು. ಯಾರದೆಂದು ಕೇಳಿದೆ. ಗುಮಾಸ್ತರು ಕಾಗದ ತಿರುಗಿಸಿ ಹೆಸರು ಓದಿದರು. ಹೊಳೆನರಸೀಪುರ, ಪಂಚಾಕ್ಷರಯ್ಯ. ಜೂನ್ ಎರಡಕ್ಕೆ ಓವರ್‌ಸಿಯರ್ ಸ್ಥಳಕ್ಕೆ ಬಂದು ವಿಚಾರಣೆ ಮಾಡುತ್ತಾರಂತೆ. ಓದುತ್ತೀರಾ ಎಂದು ಕೇಳಿದರು. ಬೇಡವೆಂದು ಹೊರಗೆ ಬಂದೆ.

ನೀವು ಹೇಳಿದ ಹಾಗೆ ಎರಡು ಹೆಸರನ್ನೂ ಬರೆದಿದ್ದೆ. ಆ ನೋಟೀಸು ಎರಡು ಹೆಸರು ಹೊತ್ತು ಹದಿನೈದು ದಿನ ಬೀದಿಯಲ್ಲಿತ್ತು. ನಿಮಗೆ ಆಗದೇ ಇದ್ದದ್ದು ಅದೇ ಇರಬೇಕು. ಕಾಗದದಲ್ಲಿ ಬರೆಯುವುದು ಬೇರೆ, ಬೀದಿಯಲ್ಲಿ ಜನ ಓದುವುದು ಬೇರೆ.

ನನಗೆ ಇನ್ನೊಂದು ನೋಟೀಸು ನೆನಪಾಗುತ್ತದೆ. ಇದೇ ಊರು, ರಿಜಿಸ್ಟ್ರಾರ್ ಕಚೇರಿ. ಅಲ್ಲಿ ಮೂವತ್ತು ದಿನ. ಅದರಲ್ಲೂ ಎರಡು ಹೆಸರು, ನನ್ನದು, ಇವರದು. ಮದುವೆಗೆ ತಕರಾರಿದ್ದವರು ಹೇಳಬಹುದು ಎಂದು ಕೆಳಗಡೆ ಬರೆದಿತ್ತು. ದಿನಾ ಹೋಗಿ ಕೇಳುತ್ತಿದ್ದೆ, ಹೊಳೆನರಸೀಪುರದಿಂದ ಏನಾದರೂ ಬಂತೆ ಎಂದು. ಬರಲಿಲ್ಲ. ಮೂವತ್ತೊಂದನೆಯ ದಿನ ನೀವಾದರೂ ಬರುತ್ತೀರೇನೋ ಎಂದು ಬಾಗಿಲ ಕಡೆ ನೋಡುತ್ತ ನಿಂತಿದ್ದೆ. ಅದೂ ಇಲ್ಲ. ಬೈಯಲು ಕೂಡ ನಿಮಗೆ ನಾನು ಬೇಡವಾಗಿದ್ದೆ. ನಾಲ್ಕು ವರ್ಷ ನಾನು ಬರೆಯದಿದ್ದುದು ಅದಕ್ಕೆ. ಆಗ ಬಾರದ ತಕರಾರು ಈಗ, ಒಂದು ಬೋರ್ಡಿಗೆ, ಯಾಕೆ ಬಂತು?

ಇವರಿಗೆ ಹೇಳಿದೆ. ಅರಕಲಗೂಡಿನಲ್ಲಿ ಬಸ್ಸಿನ ನಂಬರು ಬರೆದು ಆಗ ತಾನೇ ಬಂದಿದ್ದರು, ಕೈ ತುಂಬ ಬಣ್ಣ. "ಓದ್ದೇನೆ ಯಾಕ್ ಬಂದೆ? ನಿಮ್ಮಪ್ಪಾರು ಮಾತಾಡೋ ಬಾಸೇನೇ ಅದು, ತಕರಾರು, ಅರ್ಜಿ, ಮೂರಡಿ, ಎರಡಡಿ. ನಿಧಾನ್ಕೆ ಓದು" ಎಂದರು. ನಿಮ್ಮ ಪರವಾಗಿ ಮಾತನಾಡುವವರು ಇದೊಂದೇ ಮನೆಯಲ್ಲಿ ಇರುವುದು. ಅದೂ ಇವರು.

ಶಾಲೆಗೆ ಇನ್ನು ಏಳು ವಾರ ಉಳಿದಿದೆ.

ದಾಕ್ಷಾಯಣಿ


ಹೊಳೆನರಸೀಪುರ
೧೭-೫-೧೯೬೧

ಚಿ. ಸೌ. ದಾಕ್ಷಾಯಣಿಗೆ ಆಶೀರ್ವಾದಗಳು.

ತಕರಾರಿನ ನಕಲು ಪಡೆಯಲು ಅರ್ಜಿದಾರರಿಗೆ ಹಕ್ಕಿದೆ. ಹೋಗಿ ಕೇಳಿ ಪಡೆದುಕೋ. ಓದಿದ ಮೇಲೆ ಬೈಯುವುದಿದ್ದರೆ ಬೈ. ನಾನು ಇಲ್ಲಿ ಅದನ್ನು ವಿವರಿಸಿದರೆ ಅದು ಅಪ್ಪ ಹೇಳಿದ ಮಾತಾಗುತ್ತದೆ. ಅಲ್ಲಿ ಫೈಲಿನಲ್ಲಿರುವುದೇ ಸರಿ.

ಮೂವತ್ತು ದಿನಗಳ ವಿಷಯ. ನೀನು ಅದನ್ನು ಹೀಗೆ ಓದಿಕೊಂಡಿರಬಹುದೆಂದು ನನಗೆ ನಿನ್ನ ಕಾಗದ ಬರುವವರೆಗೂ ಹೊಳೆದಿರಲಿಲ್ಲ. ಇದು ಆಶ್ಚರ್ಯ, ಆದರೆ ನಿಜ.

ಆ ನೋಟೀಸನ್ನು ನಾನು ಓದಿದ್ದೇನೆ. ಎರಡು ಸಲ ಹಾಸನಕ್ಕೆ ಬಂದು. ಎರಡನೆಯ ಸಲ ನೀನು ಒಳಗಿನಿಂದ ಹೊರಗೆ ಬಂದೆ. ನಾನು ಎದುರಿನ ಸೈಕಲ್ ಷಾಪಿನ ಒಳಕ್ಕೆ ಸರಿದು ನಿಂತೆ. ಮನೆಯಲ್ಲಿ ನಮ್ಮವರೆಲ್ಲ ಸೇರಿ ಒಂದು ತಕರಾರು ಬರೆಸಿದ್ದರು. ನಿನಗೆ ವಯಸ್ಸು ತುಂಬಿಲ್ಲವೆಂದು. ಹೆತ್ತ ತಂದೆಯೇ ಬರೆದುಕೊಟ್ಟರೆ ಯಾರು ನಂಬುವುದಿಲ್ಲ ಎಂದು ಅವರ ಲೆಕ್ಕ. ನನ್ನ ಸಹಿ ಒಂದು ಬಾಕಿಯಿತ್ತು. ಕೊನೆಯ ದಿನ ಅದನ್ನು ಜೇಬಿನಲ್ಲಿಟ್ಟು ಬಸ್ಸಿಗೆ ಕಳಿಸಿಕೊಟ್ಟರು. ನಾನು ಬಸ್ಸು ಹತ್ತಿದೆ. ಹಾಸನದ್ದಲ್ಲ, ಚನ್ನರಾಯಪಟ್ಟಣದ್ದು. ಅಲ್ಲಿ ನನಗೆ ಏನೂ ಕೆಲಸವಿರಲಿಲ್ಲ. ಕೆರೆ ಏರಿಯ ಮೇಲೆ ಐದು ಗಂಟೆಯವರೆಗೆ ಕೂತಿದ್ದೆ. ಐದಕ್ಕೆ ಕಚೇರಿ ಮುಚ್ಚುತ್ತದೆ. ಆಮೇಲೆ ಎದ್ದು ಬಂದೆ.

ಅವಧಿ ಮುಗಿಯಿತು, ತಕರಾರಿಲ್ಲ. ನನ್ನ ಮಾತು ನಿನಗೆ ತಲುಪಿತು ಎಂದುಕೊಂಡೆ. ಇಪ್ಪತ್ತಾರು ವರ್ಷ ಊರಿನ ಜನ ನನಗೆ ಒಪ್ಪಿಗೆ ತಿಳಿಸಿದ್ದು ಹಾಗೆಯೇ, ಸುಮ್ಮನಿರುವುದರ ಮೂಲಕ. ಯಾರೂ ಎದ್ದು ಬಂದು "ನನಗೆ ಸಂತೋಷ" ಎಂದು ಬರೆದುಕೊಟ್ಟವರಿಲ್ಲ. ನೀನು ನನ್ನ ಮಗಳು, ಆಫೀಸಿನ ರೂಢಿ ನಿನಗೆ ಗೊತ್ತಿರುತ್ತದೆ ಎಂದು ತಿಳಿದೆ. ಆಮೇಲೆ ನಿನ್ನ ಕಾಗದಕ್ಕೆ ಕಾದೆ. ಬಾರದಿದ್ದಾಗ, ನಾನು ಮದುವೆಗೆ ಬರಲಿಲ್ಲವೆಂಬ ಕೋಪ ಎಂದುಕೊಂಡೆ. ಆ ಕೋಪ ನ್ಯಾಯವೇ. ಬರುವ ಧೈರ್ಯ ನನ್ನಲ್ಲಿರಲಿಲ್ಲ. ಅದನ್ನು ನಿಯಮದ ಮೇಲೆ ಹೊರಿಸುವುದಿಲ್ಲ.

ಇದನ್ನು ನಿಮ್ಮವ್ವನಿಗೆ ಓದಿ ಹೇಳಿದೆ. ಚನ್ನರಾಯಪಟ್ಟಣದ ವಿಷಯ ಅವಳಿಗೂ ಗೊತ್ತಿರಲಿಲ್ಲ. ಎಲೆಅಡಿಕೆಯ ತಟ್ಟೆಯನ್ನು ನನ್ನ ಮುಂದಕ್ಕೆ ತಳ್ಳಿದಳು. ಆಮೇಲೆ, "ಬಾಯಿ ಅನ್ನೋದನ್ನ ದೇವ್ರು ನಿಮಗೆ ಯಾತುಕ್ಕೆ ಕೊಟ್ನೋ, ಎಲೆಅಡಿಕೆ ಆಕ್ಕಳಾಕೆ ಕೊಟ್ಟವನೆ" ಎಂದಳು. ಬರೆಯಬೇಕೆಂದು ಹೇಳಲಿಲ್ಲ. ನಾನೇ ಬರೆದಿದ್ದೇನೆ.

ನಿಮ್ಮಪ್ಪ


ಹಾಸನ
೧೫-೬-೧೯೬೧

ತೀರ್ಥರೂಪು ಅಪ್ಪಾಜಿಯವರಿಗೆ ನಮಸ್ಕಾರಗಳು.

ಈ ಕಾಗದ ತಡವಾಯಿತು. ನಕಲನ್ನು ಕಳೆದ ತಿಂಗಳೇ ಪಡೆದೆ. ಅಲ್ಲೇ ಬೆಂಚಿನ ಮೇಲೆ ಕೂತು ಓದಿದೆ. ನಿಮ್ಮ ಅಕ್ಷರ ಬದಲಾಗಿಲ್ಲ.

"ಅರ್ಜಿದಾರರು ಜಾಗವನ್ನು ನೋಡಿರುವುದು ಹೊಂಗೆಮರವು ಎಲೆ ಉದುರಿಸಿ ಬೋಳಾಗಿದ್ದ ಕಾಲದಲ್ಲಿ ಎಂದು ತೋರುತ್ತದೆ. ಈಗ ಮರ ಚಿಗುರಿ ಆ ಕಂಬವು ಪೂರ್ತಿ ಮರೆಯಾಗಿರುತ್ತದೆ. ಬಸ್ ಸ್ಟ್ಯಾಂಡಿನಿಂದ ಬರುವವರಿಗೆ ಬೋರ್ಡು ವರ್ಷದಲ್ಲಿ ಎರಡು ತಿಂಗಳು ಮಾತ್ರ ಕಾಣುವಂತಿರುತ್ತದೆ. ಆದ್ದರಿಂದ ಈ ಜಾಗಕ್ಕೆ ನನ್ನ ತಕರಾರಿದೆ. ಆಚೆಯ ಕಂಬಕ್ಕೆ ಇರುವುದಿಲ್ಲ. ಅಲ್ಲದೆ, ನಿಯಮದ ಪ್ರಕಾರ ಮೂರಡಿ ದೊರೆಯಬಹುದಾಗಿದ್ದರೂ ಅರ್ಜಿದಾರರು ಎರಡಡಿಯನ್ನು ಮಾತ್ರ ಕೇಳಿದ್ದಾರೆ. ಇದು ಸಂಕೋಚದಿಂದ ಆದದ್ದೇ ಹೊರತು ಅವಶ್ಯಕತೆಯಿಂದ ಅಲ್ಲ. ಮೂರಡಿಗೆ ಅನುಮತಿ ಕೊಡಬೇಕಾಗಿ ಕೋರುತ್ತೇನೆ."

ನೋಟೀಸು ಬಿದ್ದ ಮೇಲೆ ನಾನು ತಿದ್ದುವಂತಿರಲಿಲ್ಲ. ತಕರಾರು ಬಂದರೆ ಮಾತ್ರ ಆಫೀಸೇ ತಿದ್ದಬಹುದು. ಅದು ಹೊಳೆಯಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು. ಆಮೇಲೆ ಕೊನೆಯ ಸಾಲು ನೋಡಿದೆ. "ಅರ್ಜಿದಾರರಿಗೂ ತಕರಾರುದಾರರಿಗೂ ಇರುವ ಸಂಬಂಧ" ಎಂದು ಅಚ್ಚಾಗಿತ್ತು. ಖಾಲಿ ಬಿಟ್ಟಿದ್ದರೂ ನಡೆಯುತ್ತಿತ್ತಂತೆ, ಗುಮಾಸ್ತರು ಹೇಳಿದರು. ನೀವು "ತಂದೆ" ಎಂದು ಬರೆದಿದ್ದಿರಿ.

ಹೊಂಗೆಮರ ಚಿಗುರಿದ್ದು ಹೊಳೆನರಸೀಪುರದಲ್ಲಿ ಕೂತವರಿಗೆ ಹೇಗೆ ಕಾಣಿಸಿತು? ಅದನ್ನೇ ಯೋಚಿಸುತ್ತ ಅಂಗಡಿಗೆ ಬಂದು ಷಡಕ್ಷರಿಯವರನ್ನು ಕೇಳಿದೆ. "ಅಯ್ಯೋ, ಯೋಳೋದೇ ಮರ್ತೆ ಕಣಮ್ಮ. ಯಾರೋ ಯಜಮಾನ್ರು ಬಂದಿದ್ರು. ರಣರಣ ಬಿಸ್ಲು, ಕೊಡೆ ಬಿಚ್ಲಿಲ್ಲ ಅವರು, ಗೋಡೆಗೆ ಆನಿಸ್ಕಂಡು ಆನಿಸ್ಕಂಡು ನಿಲ್ತಿದ್ರು. ಬಸ್ ಸ್ಟ್ಯಾಂಡ್ ಕಡೆಗೆ ಓಗಿ ತಿರುಗಿ ನೋಡೋರು, ಮತ್ತೆ ಬರೋರು. ಹಿಂಗೇ ಮೂರು ಸಲ. ಏನು ಬೇಕು ಸ್ವಾಮಿ ಅಂದೆ. ಕಾಲು ಸೇರು ಕಾಫಿಪುಡಿ ಅಂದ್ರು. ನಿಮ್ಮ ಮಿಷನ್ ಸದ್ದು ಕೇಳ್ತಿತ್ತಲ್ಲ, ಮೇಲೆ ಯಾರು ಅಂದ್ರು. ನಮ್ಮ ಟೀಚರಮ್ಮ ಅಂದೆ. ಎಷ್ಟು ಜೋರಾಗಿ ಒಡೀತವಳೆ ಅಂತ ನಗಾಡಿದ್ರು. ಆಮೇಲೆ ಪುಡಿ ಪೊಟ್ಟಣ ಮರ್ತೇ ಓದ್ರು."

ಪೊಟ್ಟಣ ಇನ್ನೂ ಅವರ ಗಲ್ಲಾಪೆಟ್ಟಿಗೆಯ ಮೇಲೆ ಇತ್ತು. ನಾನು ತಂದಿಟ್ಟುಕೊಂಡಿದ್ದೇನೆ. ಮೆಟ್ಟಿಲು ಹದಿನಾಲ್ಕು. ನಾನು ಆ ಹೊತ್ತಿಗೆ ಹೊಸ ರಿಬ್ಬನ್ ಹಾಕಿ ಪರೀಕ್ಷೆ ಮಾಡುತ್ತಿದ್ದೆನೇನೋ. ಬಾಗಿಲು ತೆರೆದೇ ಇರುತ್ತದೆ. ನನಗೆ ನಿಮ್ಮ ಮೇಲೆ ಕೋಪ ಬರಬೇಕಿತ್ತು. ಸೈಕಲ್ ಷಾಪಿನಿಂದ ಕಾಫಿಪುಡಿ ಅಂಗಡಿಯವರೆಗೆ ಬಂದಿದ್ದೀರಲ್ಲ ಎಂದು ಮಾತ್ರ ಅನ್ನಿಸಿತು.

ಎರಡನೇ ತಾರೀಖು ಓವರ್‌ಸಿಯರ್ ಬಂದರು. ಮರ ನೋಡಿದರು, ತಕರಾರು ಓದಿದರು, ಮರ ನೋಡಿದರು. "ಹೆಚ್ಚು ಕೊಡಿ ಅಂತ ಬಂದ ತಕರಾರು ನನ್ನ ಸರ್ವೀಸಲ್ಲಿ ಇದೇ ಮೊದಲು" ಎಂದರು. ಅಲ್ಲೇ ಆಚೆಯ ಕಂಬಕ್ಕೆ, ಮೂರಡಿಗೆ, ಬರೆದುಕೊಟ್ಟರು.

ಬೋರ್ಡು ಮೊನ್ನೆ ಏರಿತು. ಇವರು ಸೀಮೆಸುಣ್ಣ ಉಜ್ಜಿದ ದಾರ ಎಳೆದು ಗೆರೆ ಹೊಡೆದು, ಎರಡು ದಿನ ಒಂದಕ್ಷರವನ್ನೂ ಬರೆಯದೆ ನೋಡುತ್ತ ಕೂತಿದ್ದರು. ಶಾಲೆಯ ಹೆಸರಿನ ಕೆಳಗೆ ನನ್ನ ಹೆಸರು: ಪಂ. ದಾಕ್ಷಾಯಣಿ ದೇವಯ್ಯ. ನಿಮ್ಮದು ಮುಂದೆ ಒಂದೇ ಅಕ್ಷರ, ಅವರದು ಹಿಂದೆ ಪೂರ್ತಿ. "ನಿಮ್ಮಪ್ಪಾರ್ದು ಸಣ್ಣದಾಯ್ತೇನೋ" ಎಂದು ಏಣಿಯ ಮೇಲಿಂದ 'ಪಂ'ಗೆ ಇನ್ನೊಂದು ಸಲ ಬಣ್ಣ ಕೊಟ್ಟರು. ಬಸ್ ಸ್ಟ್ಯಾಂಡಿನಿಂದಲೇ ಕಾಣುತ್ತದೆ, ನಾನು ಹೋಗಿ ನೋಡಿದೆ. ಏಳು ಹುಡುಗಿಯರು ಹೆಸರು ಬರೆಸಿದ್ದಾರೆ. ಅದರಲ್ಲಿ ಇಬ್ಬರು ಬೋರ್ಡು ನೋಡಿಯೇ ಬಂದವರು.

ಅವ್ವನ ಮಂಡಿಗೆ ಎಣ್ಣೆ ತಂದಿಟ್ಟಿದ್ದೇನೆ. ಅಂಚೆಯಲ್ಲಿ ಕಳಿಸಿದರೆ ಸೀಸೆ ಒಡೆಯುತ್ತದೆ.

ಇತಿ ನಿಮ್ಮ ಮಗಳು,
ದಾಕ್ಷಾಯಣಿ

(ಅಂಚಿನಲ್ಲಿ) ಜುಲೈ ಒಂದು, ಶನಿವಾರ, ಬೆಳಿಗ್ಗೆ ಶಾಲೆ ಆರಂಭ. ನೀವೂ ಅವ್ವನೂ ಬರಬೇಕೆಂದು ನಾನು ಒತ್ತಾಯ ಮಾಡುವುದಿಲ್ಲ, ಉತ್ತರವನ್ನೂ ಕೇಳುವುದಿಲ್ಲ. ಈ ಕಾಗದವನ್ನೇ ನೋಟೀಸು ಎಂದು ತಿಳಿಯಿರಿ. ಇವತ್ತಿಗೆ ಹದಿನೈದು ದಿನ ಎಣಿಸಿದರೆ ಸರಿಯಾಗಿ ಮೂವತ್ತನೇ ತಾರೀಖು. ಅವಧಿಯೊಳಗೆ ನಿಮ್ಮಿಂದ ತಕರಾರು ಬಾರದಿದ್ದಲ್ಲಿ, ಅಪ್ಪಾಜಿ, ಈ ಸಲ ಮೆಟ್ಟಿಲು ಹತ್ತುತ್ತೀರೆಂದು ಭಾವಿಸಬಹುದೆ?